ಹೆಬ್ಬೆಟ್ಟು

ನಿನ್ನೆ ರಾತ್ರಿ 11.59ಕ್ಕೆ ಅರ್ಜಿಯ ಗಡುವು. 11.40ಕ್ಕೆ ಪೋರ್ಟಲ್‌ನಲ್ಲಿ ಎಲ್ಲಕ್ಕೂ ಹಸಿರು ಟಿಕ್. ಒಂದು ಸಾಲು ಮಾತ್ರ ಕೆಂಪು: ‘ರೆಫರೆನ್ಸ್ ಲೆಟರ್ ಬಾಕಿ’. ಆ ಕೆಂಪು ಇನ್ನೂ ಕಣ್ಣಿಂದ ಹೋಗಿಲ್ಲ.

ಸ್ಟೂಡೆಂಟ್ ಅವಾರ್ಡ್‌ಗೆ ಅರ್ಜಿ ಹಾಕಿದವರಿಗೆ ಈ ಸಂಕಟ ಗೊತ್ತು. ಪ್ರಬಂಧ ನಾವೇ ಬರೀಬಹುದು, ಮಾರ್ಕ್ಸ್ ಕಾರ್ಡ್ ನಾವೇ ಅಪ್‌ಲೋಡ್ ಮಾಡಬಹುದು. ನಮ್ಮ ಬಗ್ಗೆ ಪ್ರೊಫೆಸರ್ ಬರೆದು ಕೊಡಬೇಕಾದ ಲೆಟರ್ ಮಾತ್ರ ಇನ್ನೊಬ್ಬರ ಕೈಯಲ್ಲಿ. ಮೂರು ವಾರ ಮೊದಲೇ ಕೇಳಿ ಅಂತಾರೆ. ನಾನು ಐದು ವಾರ ಮೊದಲೇ ಕೇಳಿದ್ದೆ. ಸಿವಿ, ಅವಾರ್ಡ್‌ನ ನಿಯಮ ಎಲ್ಲ ಕಳಿಸಿ, ‘ಸರ್, ನನಗೊಂದು ಲೆಟರ್ ಕೊಡ್ತೀರಾ?’ ಅಂದೆ.

ಉತ್ತರ ಬಂತು. ಒಂದು ಹಳದಿ ಹೆಬ್ಬೆಟ್ಟು.

ಒಪ್ಪಿದರು ಅಂತ ಖುಷಿಪಟ್ಟೆ. ಎರಡು ವಾರದ ಮೇಲೆ, ‘ಸರ್, ಲೆಟರ್ ಅಪ್‌ಲೋಡ್ ಮಾಡೋ ಲಿಂಕ್ ಬಂತಾ?’ ಹೆಬ್ಬೆಟ್ಟು. ‘ಸ್ಪ್ಯಾಮ್‌ಗೆ ಹೋಗಿರಬಹುದು, ಒಂದ್ಸಲ ನೋಡ್ತೀರಾ?’ ಹೆಬ್ಬೆಟ್ಟು. ಸ್ಪ್ಯಾಮ್ ನೋಡಿದರೋ, ಮುಂದೆ ನೋಡುತ್ತಾರೋ, ಅಥವಾ ಬರೀ ನನ್ನ ಮೆಸೇಜ್ ನೋಡಿದರೋ? ಕೊನೆಗೆ ಜಾಣತನ ಮಾಡಿದೆ. ‘ಸರ್, ಬರೆಯೋಕೆ ಟೈಮ್ ಇದೆಯಾ, ಇಲ್ಲ ಬೇರೆಯವರನ್ನ ಕೇಳ್ಲಾ?’ ಎರಡು ಪ್ರಶ್ನೆಗೂ ಸೇರಿ ಒಂದೇ ಹೆಬ್ಬೆಟ್ಟು. ಅದನ್ನು ದೊಡ್ಡದು ಮಾಡಿ ನೋಡಿದೆ. ನೆಟ್ಟಗೆ ಒಂದು ಉಗುರೂ ಇಲ್ಲದ ಬೆರಳು, ಸುಳಿವು ಎಲ್ಲಿಂದ ಕೊಟ್ಟೀತು? ಸಹಿ ಮಾಡಲು ಬಾರದವರನ್ನು ಹೆಬ್ಬೆಟ್ಟು ಅನ್ನುತ್ತಾರಲ್ವಾ. ನನ್ನ ಪಾಲಿಗೆ ಡಾಕ್ಟರೇಟ್ ಮಾಡಿದ ಹೆಬ್ಬೆಟ್ಟೇ ಸಿಗಬೇಕಿತ್ತಾ!

ಜಾಸ್ತಿ ಏನೂ ಕೇಳಿರಲಿಲ್ಲ. 1948ರಲ್ಲಿ ಗಣಿತಜ್ಞ ಜಾನ್ ನ್ಯಾಶ್ ಅಮೆರಿಕದ ಪ್ರಿನ್ಸ್‌ಟನ್ ಯೂನಿವರ್ಸಿಟಿಗೆ ಅರ್ಜಿ ಹಾಕಿದಾಗ ಪ್ರೊಫೆಸರ್ ರಿಚರ್ಡ್ ಡಫಿನ್ ಕೊಟ್ಟ ಪತ್ರ ಬೆರಳೆಣಿಕೆಯ ಸಾಲುಗಳದ್ದು. ಹುಡುಗನಿಗೆ 19 ವರ್ಷ, ಗಣಿತದಲ್ಲಿ ಜೀನಿಯಸ್. ಅಷ್ಟೇ. 1994ರಲ್ಲಿ ಆ ಹುಡುಗನಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ನನ್ನ ಬಗ್ಗೆ ಹಾಗೆ ಬರೆದುಬಿಡುವ ಅಪಾಯವಂತೂ ಇಲ್ಲ. ‘ಹುಡುಗ ಪರವಾಗಿಲ್ಲ, ಲ್ಯಾಬ್‌ನಲ್ಲಿ ಏನೂ ಒಡೆದಿಲ್ಲ’ ಅಂದಿದ್ದರೂ ಸಾಕಿತ್ತು.

11.52ಕ್ಕೆ ಇನ್ನೊಮ್ಮೆ ರಿಫ್ರೆಶ್ ಒತ್ತಿದೆ. ಹಸಿರು!

ಆಗ ಸುಮ್ನೆ ಕೂತುಬಿಟ್ಟೆ. ಲೆಟರ್ ನೋಡುವ ಹಕ್ಕು ನನಗೆ ಬೇಡ ಅಂತ ಅರ್ಜಿಯಲ್ಲಿ ನಾನೇ ಟಿಕ್ ಹಾಕಿದ್ದೆ. ನೋಡ್ತೀನಿ ಅಂದರೆ ಆ ಲೆಟರ್‌ಗೆ ಬೆಲೆ ಕಮ್ಮಿಯಂತೆ. ಅಂದರೆ ಹಿಂದಿನ ಬೆಂಚಿನಲ್ಲಿ ಮೂರು ವರ್ಷ ಕೂತವನ ಬಗ್ಗೆ ಸರ್ ಏನು ಬರೆದರು ಅಂತ ನನಗೆ ಯಾವತ್ತೂ ಗೊತ್ತಾಗುವುದಿಲ್ಲ. ಕ್ಲಾಸಿನ ಮೊದಲ ಐದು ಪರ್ಸೆಂಟ್‌ನಲ್ಲಿ ನನ್ನನ್ನು ಸೇರಿಸಿದರೋ, ಮೊದಲ ಐವತ್ತರಲ್ಲೋ. ಅವಾರ್ಡ್ ಆಮೇಲಿನ ಮಾತು, ಆ ಒಂದು ಪುಟ ಓದಬೇಕು ಅನ್ನಿಸಿತು.

ಉದ್ದಕ್ಕೆ ಥ್ಯಾಂಕ್ಸ್ ಬರೆದು ಕಳಿಸಿದೆ. ಆ ಕಡೆಯಿಂದ ‘ಟೈಪಿಂಗ್’ ಅಂತ ತೋರಿಸಿತು. ಒಂದು ನಿಮಿಷ. ನಿಂತಿತು. ಮತ್ತೆ ಟೈಪಿಂಗ್. ಉಸಿರು ಬಿಗಿಹಿಡಿದು ಕಾದೆ. ಕೊನೆಗೂ ಬಂತು.

ಈ ಸಲ ಎರಡು ಹೆಬ್ಬೆಟ್ಟು.