ಹಚ್ಚಿದ ಕೊಳೆ, ಹತ್ತಿದ ಕೊಳೆ

ಹೊಸ ಬಟ್ಟೆಯನ್ನು ಹಳೇದು ಮಾಡುವುದೂ ಒಂದು ವಿದ್ಯೆ. ನಮ್ಮ ಬಿಲ್ಡಿಂಗಿನ ಹುಡುಗನೊಬ್ಬ ಕಾಮಿಕ್ ಕಾನ್‌ಗೆ, ಅಂದರೆ ಕಾಮಿಕ್ಸ್, ಸಿನಿಮಾ ಅಭಿಮಾನಿಗಳು ಮೆಚ್ಚಿನ ಪಾತ್ರಗಳ ವೇಷ ತೊಟ್ಟು ಸೇರುವ ಜಾತ್ರೆಗೆ, ಯೋಧನ ವೇಷ ಕಟ್ಟುತ್ತಿದ್ದಾನೆ. ಹಾಗಾಗಿ ನನಗೂ ಇದರ ಪರಿಚಯವಾಯಿತು. ಬಿಳಿ ಬಟ್ಟೆಯನ್ನು ಟೀ ಡಿಕಾಕ್ಷನ್‌ನಲ್ಲಿ ಅದ್ದಿ ಹಿಂಡಬೇಕು. ಅಂಚನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಸವೆಸಬೇಕು. ಕಪ್ಪು, ಕಂದು ಅಕ್ರಿಲಿಕ್ ಬಣ್ಣಕ್ಕೆ ನೀರು ಬೆರೆಸಿ ಕವಚಕ್ಕೆ ಬಳಿದು, ಒಣಗುವ ಮುಂಚೆ ಚಿಂದಿಬಟ್ಟೆಯಲ್ಲಿ ಒರೆಸಬೇಕು. ಸಂದಿಗಳಲ್ಲಿ ಮಾತ್ರ ಕೊಳೆ ಉಳಿಯಬೇಕು. ಇದನ್ನು ವೆದರಿಂಗ್ ಅನ್ನುತ್ತಾರೆ. ಸರಿಯಾಗಿ ಮಾಡಿದರೆ, ನೋಡಿದವರಿಗೆ ಈ ಮನುಷ್ಯ ವರ್ಷಗಟ್ಟಲೆ ಯುದ್ಧಭೂಮಿಯಲ್ಲಿ ಬಿದ್ದು ಹೊರಳಿದ್ದಾನೆ ಅನ್ನಿಸಬೇಕು. ಹುಡುಗ ಇನ್ನೂ ಪಿಯುಸಿ. ಈವರೆಗೆ ಹೊರಳಿರುವುದು ಸೋಫಾ ಮೇಲೆ ಮಾತ್ರ.

ಕವಚ ಅಂದರೆ ಕಬ್ಬಿಣ ಅಂದುಕೊಂಡೀರಿ. ಅದು ಯೋಗ ಮ್ಯಾಟಿನಂಥದ್ದು. ಇವಿಎ ಫೋಮ್ ಅನ್ನುವ ಮೆತ್ತನೆಯ ಹಾಳೆ. ಮೊದಲು ಮೈಗೆ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಸುತ್ತಬೇಕು, ಅದರ ಮೇಲೆ ಟೇಪು ಸುತ್ತಬೇಕು, ಪೆನ್ನಲ್ಲಿ ಗೆರೆ ಎಳೆದು ಕತ್ತರಿಸಿ ಬಿಡಿಸಿದರೆ ಅಳತೆ ಸಿದ್ಧ. ನಮ್ಮ ಕಾಲದ ದರ್ಜಿಗೆ ಇಂಚುಟೇಪು ಸಾಕಾಗುತ್ತಿತ್ತು, ಇರಲಿ. ಹೀಟ್ ಗನ್ ಹಿಡಿದರೆ ಫೋಮು ಮೆತ್ತಗಾಗುತ್ತದೆ. ಮಂಡಿಯ ಮೇಲೆ ಒತ್ತಿ ಹಿಡಿದು ಆರಿಸಿದರೆ ಬಾಗಿದಂತೆಯೇ ನಿಲ್ಲುತ್ತದೆ. ಅಂಟನ್ನು ಎರಡೂ ಬದಿಗೆ ಹಚ್ಚಿ, ಸ್ವಲ್ಪ ಹೊತ್ತು ಆರಲು ಬಿಟ್ಟು, ಆಮೇಲೆ ಜೋಡಿಸಬೇಕು. ಅಷ್ಟು ತಾಳ್ಮೆ ಇಲ್ಲದ ವೀರರ ಭುಜಕವಚ ಕಾಮಿಕ್ ಕಾನ್ ನಡೆಯುವ ವೈಟ್‌ಫೀಲ್ಡಿನ ಕೆಟಿಪಿಒ ವಸ್ತುಪ್ರದರ್ಶನ ಕೇಂದ್ರದಲ್ಲಿ, ಫೋಟೋ ತೆಗೆಯುವಾಗಲೇ ಉದುರುತ್ತದೆ. ಕತ್ತಿಯೊಳಗೆ ಪಿವಿಸಿ ಪೈಪು. ಕಪ್ಪು ಬಳಿದು, ಒಣ ಬ್ರಷ್ಷಿನಲ್ಲಿ ಬೆಳ್ಳಿ ಬಣ್ಣ ಸವರಿದರೆ ಮೇಲಿನ ಫೋಮೇ ಉಕ್ಕಿನ ಹಾಗೆ ಹೊಳೆಯುತ್ತದೆ. ವ್ಯಂಗ್ಯ ಅಲ್ಲ, ಇದು ನಿಜವಾಗಿಯೂ ಮೆಚ್ಚುವ ಕೆಲಸ.

ಆದರೆ ಗೇಟಿನಲ್ಲಿ ಆಯುಧ ತಪಾಸಣೆ. ಲೋಹ ಕೂಡದು, ಹರಿತ ಕೂಡದು. ಲೋಕ ಉಳಿಸಲು ಹೊರಟವರೆಲ್ಲ ಸಾಲಾಗಿ ನಿಂತು, ತಮ್ಮ ಖಡ್ಗದಿಂದ ಬೆಣ್ಣೆಯೂ ಕತ್ತರಿಸದು ಅಂತ ಸಾಬೀತು ಮಾಡಬೇಕು. "ಬಗ್ಗಿಸಿ ನೋಡಿ ಸಾರ್, ಏನೂ ಆಗಲ್ಲ." ಅಲ್ಲಿನ ವೇಷ ಸ್ಪರ್ಧೆಗೆ ನಿಂತವರಿಗೆ ಇನ್ನೊಂದು ಪರೀಕ್ಷೆ ಇರುತ್ತದೆ. ಇದನ್ನು ನೀವೇ ಮಾಡಿದ್ದಾ, ಮಾಡುವಾಗಿನ ಫೋಟೋ ಇದೆಯಾ? ಆನ್‌ಲೈನಲ್ಲಿ ತರಿಸಿಕೊಂಡು ಮೈಗೇರಿಸಿದವರನ್ನು ಜರಡಿ ಹಿಡಿಯಬೇಕಲ್ಲ. ಅದಕ್ಕೇ ಪ್ರತಿ ಹಂತದಲ್ಲೂ, ಕೈ ಸುಟ್ಟುಕೊಂಡಾಗಲೂ, ಒಂದು ಫೋಟೋ.

ಮನೆಯಲ್ಲೇ ಮಾಡಿದ್ದು ಅಂದಾಗ ನನಗೆ ಒಂದು ಸಣ್ಣ ಅನುಮಾನ ಬರುತ್ತದೆ. ಮನೆಯಲ್ಲಿ ಯಾರು? ನಮ್ಮ ಹುಡುಗನ ಉದ್ದ ನಿಲುವಂಗಿಯನ್ನು ರಾತ್ರಿ ಕೂತು ಹೊಲಿದವರು ಅವನಮ್ಮ. ಫೋಟೋಗಳಲ್ಲಿ ಅವರ ಬೆರಳು ಮಾತ್ರ ಇವೆ. ಇದು ಇವತ್ತಿನ ಕಥೆ ಅಲ್ಲ ಬಿಡಿ. 1939ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ವಿಶ್ವ ವಿಜ್ಞಾನ ಕಥಾ ಸಮ್ಮೇಳನ ನಡೆಯಿತು. ಅಲ್ಲಿಗೆ ಫಾರೆಸ್ಟ್ ಆಕರ್ಮನ್ ಮತ್ತು ಮರ್ಟಲ್ ಡಗ್ಲಸ್ ಭವಿಷ್ಯದ ಮನುಷ್ಯರ ವೇಷ ತೊಟ್ಟು ಬಂದರು. ಎರಡೂ ವೇಷ ಹೊಲಿದದ್ದು ಮರ್ಟಲ್. ದೊಡ್ಡ ಹೆಸರು ಬಂದದ್ದು ಆಕರ್ಮನ್‌ಗೆ. ಆಕೆಯ ಹೆಸರು ನೆನಪಾಗುವುದು ಆಮೇಲೆ, ಯಾರಾದರೂ ನೆನಪಿಸಿದರೆ.

ನಮ್ಮಲ್ಲಿ ಅಮ್ಮಂದಿರ ತರಬೇತಿ ಇನ್ನೂ ಬೇಗ ಶುರುವಾಗುತ್ತದೆ, ಎಲ್‌ಕೆಜಿಯಲ್ಲಿ. ನಾಳೆ ಛದ್ಮವೇಷ ಸ್ಪರ್ಧೆ ಅಂತ ಇವತ್ತು ಸಂಜೆ ಶಾಲೆಯ ವಾಟ್ಸಾಪ್ ಗ್ರೂಪಿಗೆ ಮೆಸೇಜು ಬರುತ್ತದೆ. ಬಾಡಿಗೆ ಅಂಗಡಿಗೆ ಓಡಿದರೆ, "ಕೃಷ್ಣ ಎಲ್ಲಾ ಹೋಯ್ತು ಮೇಡಂ. ಭಗತ್ ಸಿಂಗ್ ಒಂದಿದೆ, ಸೈಜು ದೊಡ್ಡದು." ಒನಕೆ ಓಬವ್ವನ ಸೀರೆ ಸಿಕ್ಕರೆ ಒನಕೆ ಸಿಗುವುದಿಲ್ಲ. ಕೊನೆಗೆ ಖರ್ಚಿಲ್ಲದೆ ಆಗುವ ವೇಷ ಒಂದೇ, ರೈತ. ಅಪ್ಪನ ಪಂಚೆ, ತಲೆಗೆ ಟವೆಲ್, ಥರ್ಮೋಕೋಲಿನ ನೇಗಿಲು, ಕಾಡಿಗೆಯ ಮೀಸೆ. ಕೆನ್ನೆಗೆ ಮಣ್ಣಿನ ಬದಲು ಕಾಫಿಪುಡಿ, ನಿಜವಾದ ಮಣ್ಣು ಹಚ್ಚಿದರೆ ಅಲರ್ಜಿ ಅಲ್ವಾ. ಮಗು ಮೈಕಿನ ಮುಂದೆ ನಿಂತು "ನಾನು ರೈತ, ನಾನು ದೇಶದ ಬೆನ್ನೆಲುಬು" ಅನ್ನುತ್ತದೆ. ಚಪ್ಪಾಳೆಯೋ ಚಪ್ಪಾಳೆ. ಮುಖ್ಯ ಅತಿಥಿಗಳ ಕಣ್ಣಲ್ಲಿ ನೀರು. ಸಮಾಧಾನಕರ ಬಹುಮಾನವಂತೂ ಗ್ಯಾರಂಟಿ.

ಈಗ ನಮ್ಮ ಬೆಂಗಳೂರಿನ ರಾಜಾಜಿನಗರ ಮೆಟ್ರೋ ನಿಲ್ದಾಣದ ಕಥೆ. ನಿಮಗೆ ಗೊತ್ತೇ ಇದೆ. 2024ರ ಫೆಬ್ರವರಿ. ತಲೆಯ ಮೇಲೆ ಬಟ್ಟೆಗಂಟು ಹೊತ್ತು ಮೆಟ್ರೋ ಹತ್ತಲು ಬಂದ ರೈತನೊಬ್ಬನನ್ನು ಬಟ್ಟೆ ಕೊಳೆಯಾಗಿದೆ ಅಂತ ತಡೆದರು. ಅದೇ ವರ್ಷ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲಿನಲ್ಲಿ ಪಂಚೆ ಉಟ್ಟ ಹಿರಿಯರೊಬ್ಬರನ್ನು ಬಾಗಿಲಲ್ಲೇ ನಿಲ್ಲಿಸಿದರು. ಅವರು ಮಗನ ಜೊತೆ ಸಿನಿಮಾ ನೋಡಲು ಬಂದಿದ್ದರು. ಮೆಟ್ರೋದವರು ಸೆಕ್ಯುರಿಟಿ ಸೂಪರ್‌ವೈಸರ್‌ನನ್ನು ವಜಾ ಮಾಡಿದರು. ಮಾಲನ್ನು 7 ದಿನ ಮುಚ್ಚುತ್ತೇವೆ ಅಂತ ಸರ್ಕಾರ ಸದನದಲ್ಲಿ ಹೇಳಿತು. ನ್ಯಾಯ ಸಿಕ್ಕಿತು ಅಂತ ಎಲ್ಲರೂ ಮನೆಗೆ ಹೋದೆವು.

ಎಂಥ ಸೂಕ್ಷ್ಮ ಅಭಿರುಚಿಯ ನಗರ ನೋಡಿ ನಮ್ಮದು! 2012ರಿಂದ ಇಲ್ಲಿ ಕಾಮಿಕ್ ಕಾನ್ ನಡೆಯುತ್ತಿದೆ. ಡಿಕಾಕ್ಷನ್‌ನಲ್ಲಿ ಅದ್ದಿದ ಕೊಳೆಗೆ ಅಲ್ಲಿ ಸೆಲ್ಫಿ. ಕಾಫಿಪುಡಿಯ ಕೊಳೆಗೆ ಶಾಲೆಯಲ್ಲಿ ಬಹುಮಾನ. ಹೊಲದಲ್ಲಿ ತಾನಾಗಿ ಹತ್ತಿದ ಕೊಳೆಗೆ ಮಾತ್ರ "ಆ ಕಡೆ ನಿಂತ್ಕೊಳ್ಳಿ." ಇದರಲ್ಲಿ ಹುಡುಗರದೇನೂ ತಪ್ಪಿಲ್ಲ, ಅವರು ಪಾಪ ಕೈ ಸುಟ್ಟುಕೊಂಡು ಏನೋ ಮಾಡುತ್ತಿದ್ದಾರೆ. ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಆ ಸೂಪರ್‌ವೈಸರ್ ತನ್ನ ತಲೆಯಿಂದ ನಿಯಮ ಹುಟ್ಟಿಸಿರಲಿಕ್ಕಿಲ್ಲ. ಯಾರ ಪಕ್ಕ ಯಾರು ಕೂತರೆ ಯಾರ ಮುಖ ಸಿಂಡರಿಸುತ್ತದೆ ಅಂತ ದಿನಾ ನೋಡುತ್ತಾ ನಿಂತವನು ಅವನು. ನೋಡಿ ಕಲಿತ. ಕೆಲಸ ಅವನದು ಹೋಯಿತು. ಮುಖ ಸಿಂಡರಿಸುವವರ ಸೀಟು ಹಾಗೇ ಇದೆ. ಬರೆದು ಬರೆದು ಸಾಕಾಗಿದೆ ಸ್ವಾಮಿ.

ಹೋಗಲಿ, ಒಂದು ಸಲಹೆ ಕೊಡುತ್ತೇನೆ. ಕಾಮಿಕ್ ಕಾನ್‌ನ ತೀರ್ಪುಗಾರರನ್ನೇ ಮೆಟ್ರೋ ಗೇಟಿನಲ್ಲೂ ಕೂರಿಸಿ. ರೈತ ಬಂದ ತಕ್ಷಣ ಪದ್ಧತಿ ಪ್ರಕಾರ ಕೇಳಲಿ. ಏನ್ ಯಜಮಾನ್ರೇ, ಈ ಕೊಳೆ ನೀವೇ ಮಾಡಿದ್ದಾ, ರೆಡಿಮೇಡಾ? ಮಾಡುವಾಗಿನ ಫೋಟೋ ಇದೆಯಾ? ಬಿತ್ತಿದ್ದು, ಕಳೆ ಕಿತ್ತಿದ್ದು, ಮೋಡ ನೋಡ್ತಾ ಕೂತಿದ್ದು? ಮಂಡಿಯ ಹತ್ತಿರ ಶೇಡ್ ಚೆನ್ನಾಗಿ ಬಂದಿದೆ, ಯಾವ ಬ್ರಷ್ಷು? ಎಲ್ಲಾ ಸರಿಯಿದ್ದರೆ ಕೈಗೊಂದು ಬ್ಯಾಂಡು ಕಟ್ಟಿ ಒಳಗೆ ಬಿಡಲಿ. ಟಿಕೆಟ್ ಹೇಗೂ ಅವನ ಕೈಯಲ್ಲೇ ಇತ್ತು.