ಕಳ್ಳನಿಗೆ ನಗದು, ಊರಿಗೆ ಕಡತ

ಇಂಗ್ಲೆಂಡಿನಲ್ಲಿ ಯುದ್ಧ ಸ್ಮಾರಕದ ಕಂಚಿನ ಯೋಧನೊಬ್ಬನನ್ನು ಮಾಯ ಮಾಡಲು ಒಂದು ವ್ಯಾನು, ಒಂದು ಗರಗಸ ಸಾಕು. ಮತ್ತೆ ನಿಲ್ಲಿಸಲು ಮಾತ್ರ ಸಮಿತಿ ಬೇಕು.

2011ರ ಫೆಬ್ರವರಿಯಲ್ಲಿ, ಕಂಚಿನ ಬಹುಪಾಲಾದ ತಾಮ್ರ ಟನ್ನಿಗೆ 10,000 ಡಾಲರ್ ದಾಟಿತು. ಯುದ್ಧ ಸ್ಮಾರಕಗಳ ಹೆಸರು ಫಲಕಗಳಿಗೆಲ್ಲ ಕಾಲು ಬಂತು. 1964ರ ಕಾನೂನಿನ ಪ್ರಕಾರ ಗುಜರಿಯವನು ಮಾರುವವನ ಹೆಸರು, ವಿಳಾಸ ಬರೆದುಕೊಳ್ಳಬೇಕಿತ್ತು. ಅದು ನಿಜವೋ ಸುಳ್ಳೋ ನೋಡಬೇಕಿರಲಿಲ್ಲ. ತಕ್ಕಡಿಗೆ ಹುತಾತ್ಮನೂ ಒಂದೇ, ತೂತುಬಿದ್ದ ಹಂಡೆಯೂ ಒಂದೇ. 2005ರಲ್ಲಿ ಕಳುವಾದ ಶಿಲ್ಪಿ ಹೆನ್ರಿ ಮೂರ್ ಅವರ ಕಂಚಿನ ಶಿಲ್ಪದ ಬೆಲೆ 30 ಲಕ್ಷ ಪೌಂಡ್. ಗುಜರಿಯಲ್ಲಿ ಸಿಕ್ಕಿದ್ದು ಹೆಚ್ಚೆಂದರೆ 1,500 ಎಂದು ಪೊಲೀಸರ ಅಂದಾಜು.

ಇನ್ನು ಊರಿನವರ ಪಾಡು. ಮೊದಲ ಪ್ರಶ್ನೆ: ಸ್ಮಾರಕ ಯಾರದು? 1920ರ ದಶಕದಲ್ಲಿ ಚಂದಾ ಎತ್ತಿ ಕಟ್ಟಿದ ಎಷ್ಟೋ ಸಮಿತಿಗಳು ಕೆಲಸ ಮುಗಿಸಿ ಚದುರಿಹೋದವು, ಒಡೆತನದ ಪತ್ರ ಯಾರ ಬಳಿಯೂ ಇಲ್ಲ. (ಕದ್ದವನಿಗೆ ಈ ತೊಡಕು ಇರಲಿಲ್ಲ.) 1923ರ ಕಾನೂನು ಸ್ಥಳೀಯ ಸಂಸ್ಥೆಗಳಿಗೆ ಸ್ಮಾರಕಕ್ಕಾಗಿ ಖರ್ಚು ಮಾಡುವ ಅಧಿಕಾರ ಕೊಟ್ಟಿದೆ, ಮಾಡಲೇಬೇಕೆಂದು ಹೇಳಿಲ್ಲ. ಸಂರಕ್ಷಿತ ಪಟ್ಟಿಯಲ್ಲಿದ್ದರೆ ಅನುಮತಿ ಬೇರೆ ಬೇಕು. ಒಯ್ಯುವಾಗ ಯಾರೂ ಕೇಳದ ಅನುಮತಿ, ತರುವಾಗ ಬೇಕು.

ಆಮೇಲೆ ಎರಕದ ಮನೆ. ಹಳೆಯ ಅಚ್ಚು ಉಳಿದಿದ್ದರೆ ಪುಣ್ಯ. ಇಲ್ಲವಾದರೆ ಫೋಟೊಗಳೇ ಗತಿ, ಆದರೆ ಊರಿನವರೆಲ್ಲ ತೆಗೆದದ್ದು ಎದುರಿನಿಂದ. ಬೆನ್ನುಚೀಲದ ಪಟ್ಟಿ ಹಿಂದೆ ಹೇಗೆ ಹಾಯ್ದಿತ್ತೋ ದೇವರೇ ಬಲ್ಲ. ಬೇರೆ ಊರಿನಲ್ಲಿ ಅವಳಿ ಪ್ರತಿಮೆ ಇದ್ದರೆ ಅದರ ಮೇಲೆ ರಬ್ಬರ್ ಅಚ್ಚು ತೆಗೆಯಬಹುದು. ಅಚ್ಚಿನೊಳಗೆ ಐದಾರು ಮಿಲಿಮೀಟರ್ ಮೇಣ ಬಳಿದು, ಆ ಮೇಣದ ಪ್ರತಿಯನ್ನು ಹೊರತೆಗೆದು ಸುತ್ತ ಕವಚ ಕಟ್ಟಿ, ಮೇಣ ಕರಗಿಸಿ, ಕಂಚು ಹೊಯ್ಯುತ್ತಾರೆ. ಆರುವಾಗ ಕಂಚು ಕುಗ್ಗುತ್ತದೆ, ಆರಡಿ ಯೋಧ ಒಂದಂಗುಲಕ್ಕೂ ಹೆಚ್ಚು ಗಿಡ್ಡನಾಗುತ್ತಾನೆ. ಕಾಣೆಯಾದಾಗ ವಾರಗಟ್ಟಲೆ ಗಮನಿಸದ ಊರು ಈ ಒಂದಂಗುಲವನ್ನು ಮೊದಲ ದಿನವೇ ಹಿಡಿಯುತ್ತದೆ. ಆಗ ಯಾರೋ ಕಂಚಿನ ಪುಡಿ ಬೆರೆಸಿದ ರೆಸಿನ್ (ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗುವ ಅಂಟು) ಸಾಕು, ಅಗ್ಗ ಅನ್ನುತ್ತಾರೆ. ಕಳ್ಳ ಕದ್ದೊಯ್ದು ಕೆರೆದು ನೋಡಿದ ಮೇಲಷ್ಟೇ ಅದು ರೆಸಿನ್ ಎಂದು ಗೊತ್ತಾಗುವುದು, ಅಷ್ಟರಲ್ಲಿ ಯೋಧನ ಕಾಲು ಪೀಠದ ಮೇಲೆಯೇ ಉಳಿದಿರುತ್ತದೆ.

ಲಂಡನ್ನಿನ ಬರ್ಮಂಡ್ಸಿಯ ಲೆಕ್ಕ ನೋಡಿ. ಯುದ್ಧವನ್ನೇ ವಿರೋಧಿಸಿದ್ದ ವೈದ್ಯ ಆಲ್ಫ್ರೆಡ್ ಸಾಲ್ಟರ್ ಅವರ ಪ್ರತಿಮೆ 2011ರ ನವೆಂಬರ್‌ನಲ್ಲಿ ನದಿದಂಡೆಯ ಬೆಂಚಿನಿಂದ ಎದ್ದು ಹೋಯಿತು. ಜೊತೆಗಿದ್ದು ಅಲ್ಲೇ ಉಳಿದ ಅವರ ಮಗಳ ಪ್ರತಿಮೆಯನ್ನೂ ಬೆಕ್ಕಿನದನ್ನೂ ಕಳ್ಳರಿಂದ ಕಾಪಾಡಲು ಆಡಳಿತ ಹುಡುಕಿದ ಉಪಾಯ ಸರಳ: ಅವನ್ನೂ ಅಲ್ಲಿಂದ ಎತ್ತಿ ಗೋದಾಮಿಗೆ ಸಾಗಿಸಿತು. ಒಂದು ವರ್ಷದ ಮೇಲೆ, 2012ರ ಡಿಸೆಂಬರ್‌ನಲ್ಲಿ, ಗುಜರಿಗೆ ನಗದು ಕೊಡುವುದು ನಿಷೇಧವಾಯಿತು; ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು. ಜನ 60,000 ಪೌಂಡ್ ಚಂದಾ ಕೂಡಿಸಿದರು, ಅಷ್ಟೇ ಮೊತ್ತವನ್ನು ಆಡಳಿತ ಸೇರಿಸಿತು. 2014ರ ನವೆಂಬರ್‌ನಲ್ಲಿ ಡಾಕ್ಟರು ಹಿಂದಿರುಗಿದರು. ಈ ಸಲ ಒಬ್ಬರೇ ಬರಲಿಲ್ಲ: ಪತ್ನಿ ಏಡಾ ಜೊತೆಗಿದ್ದಾರೆ, ಕೈಯಲ್ಲಿ ಸನಿಕೆ ಹಿಡಿದು.