ಬೆರಳಿಗೆ ಸಿಗುವ ‘ಟಕ್’

ಆಂಪ್ಲಿಫೈಯರ್ ಕೊಳ್ಳಲು ಹೋದವರು ಅದರ ಧ್ವನಿ ಕೇಳುವ ಮೊದಲೇ ವಾಲ್ಯೂಮ್ ನಾಬನ್ನು ತಿರುಗಿಸಿ ನೋಡುವುದನ್ನು ಗಮನಿಸಿದ್ದೇನೆ; ನಾನೂ ಹಾಗೆಯೇ ಮಾಡುತ್ತೇನೆ. ಸರ್ರನೆ ತಿರುಗಿದರೆ ಅಗ್ಗದ ಮಾಲು ಎಂದೂ, ಜೇನಿನಲ್ಲಿ ಅದ್ದಿದಂತೆ ಒಂದೇ ಸಮನೆ ನಿಧಾನವಾಗಿ ತಿರುಗಿದರೆ ಗಟ್ಟಿ ಸರಕು ಎಂದೂ ಬೆರಳು ತೀರ್ಪು ಕೊಟ್ಟುಬಿಡುತ್ತದೆ. ಆದರೆ ಆ ಗಾಂಭೀರ್ಯ ಬಹುಮಟ್ಟಿಗೆ ನಾಬಿನ ಹಿಂದೆ ಕೂತು ಧ್ವನಿಯನ್ನು ಏರಿಳಿಸುವ ಪೊಟೆನ್ಶಿಯೋಮೀಟರಿನ ದಂಡಿಗೆ ಸವರಿದ ಮಂದ ಗ್ರೀಸಿನದು, ಉಳಿದದ್ದು ನಾಬಿನ ಲೋಹದ ತೂಕ ಮತ್ತು ತಣ್ಪಿನದು. ಸರ್ಕ್ಯೂಟಿನ ಗುಣಕ್ಕೂ ಅದಕ್ಕೂ ನಂಟಿರಬೇಕಾಗಿಲ್ಲ.

ನಮ್ಮ ಮನೆಯ ಹಳೆಯ ವಾಲ್ವ್ ರೇಡಿಯೋದಲ್ಲಿ ಟ್ಯೂನಿಂಗ್ ನಾಬಿನ ದಂಡಿಗೆ ಭಾರವಾದ ಲೋಹದ ಚಕ್ರವೊಂದನ್ನು ಕೂರಿಸಿ, ಅಲ್ಲಿಂದ ಮುಳ್ಳಿನವರೆಗೆ ದಾರ ಕಟ್ಟಿದ್ದರು. ಜೋರಾಗಿ ತಿರುಗಿಸಿ ಕೈಬಿಟ್ಟರೆ ಮುಳ್ಳು ತಾನಾಗಿಯೇ ಜಾರಿಕೊಂಡು ಪಟ್ಟಿಯ ಆ ತುದಿಗೆ ಹೋಗುತ್ತಿತ್ತು. ನಿಲಯ ಹತ್ತಿರವಾದಾಗ ಮಾತ್ರ ತಂಬೂರಿಯ ಮಣಿ ಸರಿಸುವಷ್ಟು ನಾಜೂಕಾಗಿ ಕೈಯಾಡಿಸಬೇಕಿತ್ತು. ದಾರ ಸಡಿಲವಾದ ಮೇಲೆ ನಾಬನ್ನು ಹಿಂದಕ್ಕೆ ತಿರುಗಿಸಿದರೆ ಮೊದಲ ಕೂದಲೆಳೆಯಷ್ಟು ದೂರ ಮುಳ್ಳು ಕದಲುತ್ತಲೇ ಇರಲಿಲ್ಲ, ಆ ಪೊಳ್ಳನ್ನು ಲೆಕ್ಕಕ್ಕೆ ಹಿಡಿದೇ ಅಜ್ಜನ ಬೆರಳು ರೇಡಿಯೋ ಸಿಲೋನನ್ನು ಹುಡುಕುತ್ತಿತ್ತು.

ಮೆಟ್ಟಿಲು ಮೆಟ್ಟಿಲಾಗಿ ತಿರುಗುವ ನಾಬಿನ ಬಗೆ ಬೇರೆ. ಸ್ಪ್ರಿಂಗ್ ಒತ್ತಿಹಿಡಿದ ಸಣ್ಣ ಗುಂಡು ಒಂದು ಕಚ್ಚಿನಿಂದ ಇನ್ನೊಂದಕ್ಕೆ ಹಾರುವಾಗ ತಡೆ ಏರುತ್ತ ಹೋಗಿ ಥಟ್ಟನೆ ಇಳಿಯುತ್ತದೆ. ಆ ಇಳಿತವನ್ನೇ ನಾವು ‘ಟಕ್’ ಎನ್ನುತ್ತೇವೆ. ಜರ್ಮನಿಯ ಲೈಪ್‌ಜಿಗ್‌ನ ಶರೀರವಿಜ್ಞಾನಿ ಅರ್ನ್ಸ್ಟ್ ವೇಬರ್ 1834ರಲ್ಲಿ ಪ್ರಕಟಿಸಿದ ಸ್ಪರ್ಶದ ಅಧ್ಯಯನದಲ್ಲಿ, ಕೈಯಲ್ಲಿರುವ ಭಾರ ಹೆಚ್ಚಿದಷ್ಟೂ ವ್ಯತ್ಯಾಸ ಗೊತ್ತಾಗಲು ದೊಡ್ಡ ಬದಲಾವಣೆಯೇ ಬೇಕಾಗುತ್ತದೆ ಎಂದು ತೋರಿಸಿದ್ದರು. ಬಿಗಿಯಾದ ನಾಬಿನಲ್ಲಿ ಸಣ್ಣ ಕಚ್ಚುಗಳು ಬೆರಳಿಗೆ ತಾಕದೆ ಹೋಗುವುದೂ ಇದಕ್ಕೇ ಇರಬೇಕು. ಇದರಲ್ಲಿ ಕಿವಿಗೂ ಪಾಲಿದೆ: ಇಯರ್‌ಫೋನ್ ಹಾಕಿಕೊಂಡು ಅದೇ ನಾಬನ್ನು ತಿರುಗಿಸಿ, ಅದು ತುಸು ಮೊಂಡಾದಂತೆ ನಿಮಗೂ ಅನ್ನಿಸಬಹುದು.

ನನ್ನ ತಕರಾರಿರುವುದು ಹೊಸ ಸ್ಟೀರಿಯೋದ ಮೇಲೆ. ಅದರ ನಾಬಿಗೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಒಂದು ಸುತ್ತು ತಿರುಗಿಸಿದರೆ 24 ‘ಟಕ್’ ಕೊಡುತ್ತದೆ, ಆದರೆ ನಾಲ್ಕು ‘ಟಕ್’ ಆದ ಮೇಲೂ ಧ್ವನಿ ಏರದೆ, ಐದನೆಯದಕ್ಕೆ ಒಮ್ಮೆಲೇ ಅಬ್ಬರಿಸುತ್ತದೆ. ಸ್ಪರ್ಶಕ್ಕೆ ಎಷ್ಟೇ ಸೊಗಸಾಗಿದ್ದರೂ ಬೆರಳಿಗೆ ಒಂದು ಹೇಳಿ ಕಿವಿಗೆ ಇನ್ನೊಂದು ಹೇಳುವ ಇಂಥ ನಾಬಿಗಿಂತ ನಮ್ಮ ಗೋಡೆಯ ಮೇಲಿನ ಹಳೆಯ ಫ್ಯಾನ್ ರೆಗ್ಯುಲೇಟರೇ ನನಗೆ ಮೇಲು. ಅದರ ಅಂಚು ಒಡೆದಿದೆ, ಅಂಕಿಗಳೂ ಅಳಿಸಿವೆ. ಆದರೂ ಅಮ್ಮ ನಡುರಾತ್ರಿ ದೀಪ ಹಾಕದೆ ಎದ್ದು, ಮೂರು ‘ಟಕ್’ ಎಣಿಸಿ, ಮತ್ತೆ ಹೋಗಿ ಮಲಗುತ್ತಾರೆ.